ಸ್ಪಿರಿಟಮ್ಮ ಒರೆಸಿದ ಮಂಚ

ವಾರ್ಡಿನಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಸ್ಪಿರಿಟಮ್ಮ ಎಂದೇ. ಇಪ್ಪತ್ತೆರಡು ವರ್ಷ ಆಸ್ಪತ್ರೆ ಗುಡಿಸಿ ಒರೆಸಿದ ಆಯಾ. ಡಾಕ್ಟರಿಗೂ ಬುದ್ಧಿ ಹೇಳುವವಳು. ಬ್ಲೀಚ್ ಕಂಡರೆ ಆಗದು: ಘಾಟು, ಕಣ್ಣುರಿ, ಮೇಲೆ ರೋಗಿಗಳ ಗೊಣಗಾಟ. ಸ್ಪಿರಿಟ್ ಆದರೆ ಒರೆಸಿದ ಕೂಡಲೇ ಒಣಗಿ ಫಳಫಳ. ಯಾವ ರೋಗಕ್ಕೆ ಯಾವ ದ್ರಾವಣ ಎಂಬ ಪಟ್ಟಿಯನ್ನು ಗೋಡೆಗೆ ಅಂಟಿಸಿದ್ದರು. ಅವಳು ಹಿಡಿದ ಮೊಲಕ್ಕೆ ಮೂರೇ ಕಾಲು; ಆ ಪಟ್ಟಿಯ ಮೇಲೆಯೇ ತನ್ನ ಏಪ್ರನ್ ತೂಗುಹಾಕುತ್ತಿದ್ದಳು.

ಅವಳ ಸ್ವಂತ ಅಕ್ಕ ಸೊಂಟ ಮುರಿದುಕೊಂಡು ಅದೇ ವಾರ್ಡಿಗೆ ಬಂದಾಗ ಸ್ಪಿರಿಟಮ್ಮ ಬೇರೆಯವರನ್ನು ಹತ್ತಿರ ಬಿಡಲಿಲ್ಲ. ಆರನೇ ಮಂಚದ ಒಂದೊಂದು ಕಂಬಿಯನ್ನೂ ಎರಡೆರಡು ಸಲ ತಾನೇ ಒರೆಸಿದಳು. ಹಿಂದಿನ ದಿನದವರೆಗೆ ಅಲ್ಲಿ ಭೇದಿಯಿಂದ ನರಳುವ ಮುದುಕನೊಬ್ಬ ಮಲಗಿದ್ದ. ಇದ್ದರೇನು, ತನ್ನ ಕೈ ಬಿದ್ದ ಮೇಲೆ ಯಾವ ಕ್ರಿಮಿ ಉಳಿದೀತು?

ನಾಲ್ಕನೇ ದಿನ ಅಕ್ಕನಿಗೆ ಭೇದಿ ಶುರುವಾಯಿತು. ಆರನೆಯ ದಿನಕ್ಕೆ ಕಣ್ಣು ಗುಳಿಬಿದ್ದು ಮಾತು ಕ್ಷೀಣವಾಯಿತು. ಲ್ಯಾಬಿನ ಮೇಡಂ ರಿಪೋರ್ಟ್ ಹಿಡಿದು ನೇರ ಸ್ಪಿರಿಟಮ್ಮನ ಬಳಿಗೇ ಬಂದರು.

"ಆರನೇ ಮಂಚಾನ ಯಾವುದ್ರಲ್ಲಿ ಒರೆಸಿದ್ರಿ?"

"ಸ್ಪಿರಿಟ್‌ನಲ್ಲಿ. ಎರಡು ಸಲ!"

"ಅಯ್ಯೋ, ಅದರಲ್ಲಿದ್ದ ಮುದುಕಪ್ಪನ ಭೇದಿ ಕ್ರಿಮೀನೇ ನಿಮ್ಮಕ್ಕನಿಗೂ ಹತ್ತಿದೆ. ಅದು ಬೀಜದ ಹಾಗೆ ಗಟ್ಟಿ ಸಿಪ್ಪೆ ಹೊದ್ಕೊಂಡು ಕೂತಿರುತ್ತಮ್ಮ. ಸ್ಪಿರಿಟ್ ಅದಕ್ಕೆ ಬರೀ ಸ್ನಾನ. ಬ್ಲೀಚೇ ಬೇಕು, ಅದೂ ಹತ್ತು ನಿಮಿಷ ಒದ್ದೆಯಾಗೇ ಇರ್ಬೇಕು. ಕೈಗೂ ಸ್ಪಿರಿಟ್ ಸಾಲಲ್ಲ, ಸೋಪು ನೀರು ಹಾಕಿ ತೊಳೀಬೇಕು. ಪಟ್ಟೀಲಿ ಬರ್ದಿತ್ತಲ್ಲ?"

ಸ್ಪಿರಿಟಮ್ಮ ಓಡಿಹೋಗಿ ಏಪ್ರನ್ ಎತ್ತಿ ನೋಡಿದಳು. ಮೂರನೇ ಸಾಲಿನಲ್ಲೇ ಇತ್ತು, ದಪ್ಪಕ್ಷರದಲ್ಲಿ. ಹಾಗಾದರೆ ಕಂಬಿ ಕಂಬಿಗೂ ತಾನು ಕ್ರಿಮಿಯನ್ನು ಒರೆಸಿದ್ದಲ್ಲ, ಹಚ್ಚಿದ್ದು.

ಮಂಚದ ಬಳಿ ಬಂದರೆ ಅಕ್ಕ ನಗಲು ನೋಡಿದಳು.

"ನೀನೇ ಒರೆಸಿದ್ದು ಅಂದ್ರಲ್ಲ ಕಣೇ... ಅದೇ ಧೈರ್ಯದ ಮೇಲೆ ಕಂಬಿ ಹಿಡ್ಕೊಂಡೇ ಎದ್ದು ಕೂತು ಊಟ ಮಾಡ್ತಿದ್ದೆ. ಕೈ ತೊಳೆಯೋಕೂ ಯಾರನ್ನೂ ಕರೀಲಿಲ್ಲ."

ಅಷ್ಟರಲ್ಲಿ ಐಸಿಯುಗೆ ಒಯ್ಯಲು ಸ್ಟ್ರೆಚರ್ ಬಂತು.

"ಭಯ ಆಗುತ್ತೆ, ಕೈ ಕೊಡೇ," ಎಂದು ಅಕ್ಕ ಕೈ ಚಾಚಿದಳು.

ಸ್ಪಿರಿಟಮ್ಮ ಕೈ ಮುಂದೆ ಮಾಡಿದವಳು ಬೆಂಕಿ ತಗುಲಿದಂತೆ ಹಿಂದಕ್ಕೆಳೆದುಕೊಂಡಳು. "ಇರಕ್ಕ, ಸೋಪು ಹಾಕಿ ತೊಳ್ಕೊಂಡು ಈಗ್ಲೇ ಬಂದೆ," ಎಂದು ನಲ್ಲಿಯ ಕಡೆ ಓಡಿದಳು. ಉಗುರಿನ ಸಂದಿಯನ್ನೂ ಬಿಡದೆ ಉಜ್ಜಿದಳು.

ತೊಟ್ಟಿಕ್ಕುವ ಕೈಯಲ್ಲಿ ಹಿಂತಿರುಗಿದಾಗ ಸ್ಟ್ರೆಚರ್ ಹೊರಟುಹೋಗಿ ಆರನೇ ಮಂಚ ಖಾಲಿಯಾಗಿತ್ತು.