ಕರಿಬಸಪ್ಪನ ಸರ್ವರ್ ಖಾಲಿಯಾದ ಬೆಳಗ್ಗೆ

ಮಾತು ಆಡಿದರೆ ಹೋಯಿತು, ಎಂಟರ್ ಒತ್ತಿದರೆ ಹೋಯಿತು. (ಮೂಲ ಗಾದೆಯಲ್ಲಿ ಎಂಟರ್ ಜಾಗದಲ್ಲಿ ಮುತ್ತಿತ್ತು, ಒಡೆಯುತ್ತಿತ್ತು. ಗಾದೆ ಕಟ್ಟಿದವರು ಪೀಣ್ಯದಲ್ಲಿ ಸರ್ವರ್ ನೋಡಿಕೊಂಡವರಲ್ಲ, ಬಿಡಿ.) ಇದು ನಡೆದ ಕಥೆ. ಆಣೆ ಬೇಕಾದರೂ ಮಾಡುತ್ತೇನೆ. ಕಥೆಗಾರನ ಆಣೆಗೆ ಎಷ್ಟು ಬೆಲೆ ಅಂತ ನೀವೇ ಕಟ್ಟಿಕೊಳ್ಳಿ.

ಆದರೆ ಎಲ್ಲಿಂದ ಶುರು ಮಾಡುವುದು?

"೨೦೧೦ರ ಒಂದು ಗುರುವಾರ, ಪೀಣ್ಯದ ಮೇಲೆ ಸೂರ್ಯ ತನ್ನ ಹೊಂಗಿರಣಗಳನ್ನು..." ಬೇಡ. ಪೀಣ್ಯದಲ್ಲಿ ಸೂರ್ಯನಿಗಿಂತ ಮೊದಲು ಲೇತ್ ಮಶಿನ್ ಏಳುತ್ತದೆ. ಹರಿದೆ.

"ರುದ್ರೇಶ ಎಸಿ ರೂಮಿನ ಪಕ್ಕದಲ್ಲೇ ನಿಂತು ಬೆವರುತ್ತಿದ್ದ." ಇದು ಇರಲಿ. ಯಾಕೆ ಬೆವರಿದ ಅನ್ನುವುದಕ್ಕೆ ಅರ್ಧ ಗಂಟೆ ಹಿಂದೆ ಹೋಗಬೇಕು.

೧. ಎದ್ದು ಹೋಗುವಾಗ ಲಾಗೌಟ್ ಆಗು. ಐದೇ ನಿಮಿಷಕ್ಕಾದರೂ ಸರಿ.

ಇದು ಕರಿಬಸಪ್ಪನ ಬರಹ, ನನ್ನದಲ್ಲ. ಸ್ಕೂಟರಿನ ಬ್ರೇಕ್ ಭಾಗಗಳನ್ನು ಮಾಡುವ ಆ ಕಾರ್ಖಾನೆಯ ಲಿನಕ್ಸ್ ಸರ್ವರ್ ಅವನ ಸುಪರ್ದಿಯಲ್ಲಿತ್ತು. ದಾವಣಗೆರೆ ಕಡೆಯವನು, ಐವತ್ತರ ಆಸುಪಾಸು. ಸರ್ವರ್ ರೂಮಿನ ಗಾಜಿನ ಬಾಗಿಲಿಗೆ ಇಂಥ ಹನ್ನೊಂದು ಸೂತ್ರಗಳನ್ನು ಅಂಟಿಸಿದ್ದ. ಅವನ ಕೈಕೆಳಗಿನ ರುದ್ರೇಶ ಅವನ್ನೆಲ್ಲ ಕ್ಯಾಂಟೀನಿನಲ್ಲಿ ಕರಿಬಸಪ್ಪನದೇ ಗಂಟಲಿನಲ್ಲಿ ಪಾರಾಯಣ ಮಾಡಿ ಚಪ್ಪಾಳೆ ಗಿಟ್ಟಿಸುತ್ತಿದ್ದ.

ಆ ದಿನ ಹತ್ತೂವರೆಗೆ ಕರಿಬಸಪ್ಪ ತನ್ನದೇ ಮೊದಲನೇ ಸೂತ್ರ ಮರೆತು ಟೀಗೆ ಹೋದ. ರುದ್ರೇಶ ಆ ಕುರ್ಚಿಯಲ್ಲಿ ಕೂತ. ls ಅಂದರೆ ‘ಈ ಫೋಲ್ಡರಿನಲ್ಲಿ ಏನೇನಿದೆ ತೋರಿಸು’ ಎಂದು ಲಿನಕ್ಸಿಗೆ ಕೊಡುವ ಆಜ್ಞೆ. ಒಂದೇ ಸಾಲು ಬರೆದು ಅವನು ಅದರ ಬಾಯಿ ಕಟ್ಟಿದ. ಫೈಲುಗಳು ಇದ್ದಲ್ಲೇ ಇದ್ದವು. ಕೇಳಿದರೆ ಮಾತ್ರ ಪರದೆ ಏನೂ ತೋರಿಸದು. ಗುರುಗಳು ಒಂದು ನಿಮಿಷ ತಲೆ ಕೆರೆದುಕೊಳ್ಳಲಿ, ಆಮೇಲೆ ಹೇಳಿಬಿಡೋಣ ಎಂದುಕೊಂಡ. ಎದ್ದು ಗಾಜಿನಾಚೆ ಬಂದು ನಿಂತ.

೪. ಫೈಲು ಕಾಣದಿದ್ದರೆ ಮೊದಲು ಎಲ್ಲರ ಕೈ ಕಟ್ಟು. ಆಮೇಲೆ ಹುಡುಕು.

ಕರಿಬಸಪ್ಪ ಬಂದ. ls ಹೊಡೆದ. ಖಾಲಿ. ಮತ್ತೆ ಹೊಡೆದ. ಮೂರನೆಯ ಸಲ ಎರಡು ಅಕ್ಷರಗಳನ್ನೂ ಕಾಲಿಂಗ್ ಬೆಲ್ ಒತ್ತುವ ಹಾಗೆ ಬೇರೆ ಬೇರೆಯಾಗಿ ಒತ್ತಿದ. ಗಾಜಿನಾಚೆ ರುದ್ರೇಶ ತುಟಿ ಕಚ್ಚಿ ನಗು ಹಿಡಿದಿದ್ದ. ಅಷ್ಟರಲ್ಲಿ ಕರಿಬಸಪ್ಪ ಇಡೀ ಕಾರ್ಖಾನೆಗೆ ಸರ್ವರಿನ ಬಾಗಿಲು ಮುಚ್ಚಿಬಿಟ್ಟ. ಇದ್ದದ್ದರ ಮೇಲೆ ಯಾರೂ ಹೊಸದಾಗಿ ಬರೆಯದಿರಲಿ ಅಂತ.

ಎರಡೇ ನಿಮಿಷದಲ್ಲಿ ಕ್ವಾಲಿಟಿ ವಿಭಾಗದ ಮಹಾದೇವಿ ಓಡಿಬಂದಳು.

"ಸರ, ನನ್ ಫೈಲ್ ಒಂದೂ ತೆರೀವಲ್ದು! ಸೋಮವಾರದಿಂದ ಅಳತಿ ಮಾಡಿದ್ದೆಲ್ಲಾ ಅದರಾಗೇ ಐತಿ. ಹನ್ನೊಂದಕ್ಕ ಸ್ಕೂಟರ್ ಕಂಪನಿಯವ್ರು ನೋಡಾಕ ಬರ್ತಾರ!"

"ಇನ್ನೊಂದ್ಸಲ ಅಳೆಯೋಕಾಗಲ್ವೇನಮ್ಮಾ?" ಅವಳ ಹಿಂದೆಯೇ ಬಂದ ಮಾಲೀಕ ಚನ್ನವೀರಪ್ಪ ಕೇಳಿದರು.

"ಮಾಲ್ ನಿನ್ನೆನ ಲಾರಿ ಹತ್ತಿ ಹೋಗೈತ್ರಿ ಸರ. ಯಾವ್ದನ್ನ ಅಳೀಲಿ?"

ರುದ್ರೇಶನ ನಗು ಆರಿತು. ಮೂರು ದಿನದ ಅಳತೆ ಆ ಸರ್ವರಿನಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲ. ಅಳತೆ ಇಲ್ಲದಿದ್ದರೆ ಆರ್ಡರ್ ಇಲ್ಲ. ಆರ್ಡರ್ ಹೋದದ್ದು ತನ್ನ ತಮಾಷೆಯಿಂದ ಅಂತ ಗೊತ್ತಾದರೆ ತಾನಿಲ್ಲ.

(ಹೇಳಿಬಿಡೋ ಈಗ, ಎಂದೆ ನಾನು.

"ಮಾಲೀಕ್ರ ಮುಂದೇನಾ? ಏನ್ ಗುರು ನೀನು, ಕಥೆ ಬರೀತಿದೀಯೋ ನನ್ ರಾಜೀನಾಮೆ ಬರೀತಿದೀಯೋ?"

ಸರಿ, ಮಿಮಿಕ್ರಿ ಮಾಡು. ಇಂಟರ್‌ಕಾಮಿನಲ್ಲಿ ಚನ್ನವೀರಪ್ಪನವರ ದನಿಯಲ್ಲಿ ‘ಕರಿಬಸಪ್ಪಾ, ಏನೂ ಮುಟ್ಬೇಡ’ ಅನ್ನು.

"ಅವ್ರು ಇಲ್ಲೇ ನಿಂತಿದಾರೆ, ಫೋನ್ ಎತ್ತೋದೂ ಅವ್ರೇ! ‘ನಾನು ಚನ್ನವೀರಪ್ಪ ಮಾತಾಡ್ತಿರೋದು’ ಅಂತೀನಿ, ‘ಹೌದಾ, ನಾನೂ ಅವ್ನೇ’ ಅಂತಾರೆ. ಸುಮ್ನಿರು ಮಾರಾಯ."

ಅದನ್ನೂ ಹೊಡೆದು ಹಾಕಿದೆ. ಕರೆಂಟ್ ಹೋಯಿತು ಅಂತ ಬರೆಯೋಣವೇ? ಪೀಣ್ಯದ ಓದುಗರು ನಂಬುತ್ತಾರೆ. ಆದರೆ ಯುಪಿಎಸ್ ನಂಬುವುದಿಲ್ಲ.)

೭. ಬ್ಯಾಕಪ್ ಅನ್ನು ಮೂಲದ ಮೇಲೆ ಸುರಿಯಬೇಡ. ಪಕ್ಕದಲ್ಲಿ ಬಿಚ್ಚಿ ನೋಡು.

ಕರಿಬಸಪ್ಪ ಬೀರು ತೆಗೆದು ಬ್ಯಾಕಪ್ಪಿನ ಕಪ್ಪು ಡಿಸ್ಕನ್ನು ಹೊರಗಿಟ್ಟ. ಕಳೆದ ಶುಕ್ರವಾರದ ಪ್ರತಿ ಅದರಲ್ಲಿತ್ತು ಎಂಬುದು ರುದ್ರೇಶನಿಗೆ ಗೊತ್ತು. ಅದನ್ನು ಸರ್ವರಿನ ಮೇಲೆ ಸುರಿದರೆ ಸೋಮವಾರದಿಂದ ಬುಧವಾರದವರೆಗಿನದು, ಅಂದರೆ ನಿಜಕ್ಕೂ ಇದ್ದದ್ದು, ಅಳಿಸಿಹೋಗುತ್ತದೆ. ಇಲ್ಲದ ನಷ್ಟ ತುಂಬಲು ಹೋಗಿ ಇರುವುದನ್ನು ಕಳೆಯುವುದು.

ಕರಿಬಸಪ್ಪ ಡಿಸ್ಕ್ ಚುಚ್ಚಿದ. ಒಂದು ಉದ್ದ ಸಾಲು ಬರೆದ. ಗಾಜಿನಾಚೆಯಿಂದ ಅದರಲ್ಲಿ ಡಿಸ್ಕಿನ ಹೆಸರೂ ಮಹಾದೇವಿಯ ಫೋಲ್ಡರಿನ ಹೆಸರೂ ಕಂಡವು. ಯಾವುದು ಮೊದಲು, ಯಾವುದು ಆಮೇಲೆ ಎಂದು ಓದುವಷ್ಟು ಉಸಿರು ರುದ್ರೇಶನಲ್ಲಿ ಉಳಿದಿರಲಿಲ್ಲ.

ಎಂಟರ್.

ಡಿಸ್ಕಿನ ನೀಲಿ ದೀಪ ಪಟಪಟನೆ ಮಿನುಗತೊಡಗಿತು.

"ಬೇಡಾ ಸಾರ್!" ರುದ್ರೇಶ ಬಾಗಿಲು ಗುದ್ದಿಕೊಂಡು ಒಳನುಗ್ಗಿದ. ಮಾಲೀಕರ ಕಾಲು ತುಳಿದು ಸರ್ವರಿನ ಹಿಂದೆ ಕೈ ಹಾಕಿ ಪವರ್ ಕೇಬಲ್ ಕಿತ್ತ.

ಫ್ಯಾನುಗಳು ನಿಂತವು. ಅಲ್ಲಿ ಅಷ್ಟು ಸದ್ದಿತ್ತು ಎಂಬುದು ಎಲ್ಲರಿಗೂ ಆಗಲೇ ಗೊತ್ತಾದದ್ದು.

"ಫೈಲ್ ಎಲ್ಲಾ ಇದಾವೆ ಸಾರ್. ನಾನೇ... ಟೀಗೆ ಹೋದಾಗ... ls ಬಾಯಿ ಮುಚ್ಚಿಸ್ಬಿಟ್ಟಿದ್ದೆ. ತಮಾಷೆಗೆ."

"ಗೊತ್ತಲೇ," ಎಂದ ಕರಿಬಸಪ್ಪ, ಮೆಲ್ಲಗೆ. "ಮೂರ್ನೇ ಸಲಕ್ಕೇ ಅನುಮಾನ ಬಂತು. df ಅಂತ ಕೇಳ್ದೆ, ಸರ್ವರಿನ ಡಿಸ್ಕ್ ಎಷ್ಟ್ ತುಂಬೇತಿ ಅಂತ. ನಿನ್ನೆ ಇದ್ದಷ್ಟೇ ಐತಿ. ಖಾಲಿ ಚೀಲಕ್ಕೆ ಅಷ್ಟ್ ತೂಕ ಎಲ್ಲಿಂದ ಬರ್ಬೇಕು?"

"ಮತ್ತೆ ಶುಕ್ರವಾರದ್ದು ಯಾಕ್ ಒಳಗ್ ಹಾಕಿದ್ರಿ?"

"ಒಳಗ್ ಹಾಕ್ತಿರ್ಲಿಲ್ಲ. ಇವತ್ತಿಂದನ್ನ ಹೊರಗ್ ತೆಗೀತಿದ್ದೆ, ಒಂದು ಪ್ರತಿ ಕೈಯಾಗಿರ್ಲಿ ಅಂತ. ಅರ್ಧಕ್ಕೆ ಕಿತ್ತಿ. ಈಗ ನಿಜಕ್ಕೂ ಏನ್ ಹೋಗೇತೋ ನೋಡ್ಬೇಕು."

ಕರಿಬಸಪ್ಪ ಕೇಬಲ್ ಚುಚ್ಚಿ ಸ್ವಿಚ್ ಒತ್ತಿದ. ಪರದೆಯ ಮೇಲೆ ಬಿಳಿ ಅಕ್ಷರಗಳು ಬಂದವು: ಡಿಸ್ಕನ್ನು ಸರಿಯಾಗಿ ಮುಚ್ಚಿಲ್ಲ, ತಪಾಸಣೆ ನಡೆಯುತ್ತಿದೆ. ನಾಲ್ಕು ಪರ್ಸೆಂಟ್. ಒಂಬತ್ತು. ಗೇಟಿನಿಂದ ಫೋನು: ಬಿಳಿ ಕಾರು ಬಂದಿದೆ, ಮೂವರಿದ್ದಾರೆ. ಹದಿನೇಳು.

"ಗೊತ್ತಿದ್ರೆ ಬಾಯ್ ಬಿಡೋಕೇನ್ರೀ ಆಗಿತ್ತು?" ಚನ್ನವೀರಪ್ಪ ಗುಡುಗಿದರು.

"ಗಾಜಿನಾಚೆ ಯಾರ್ ಬೆವರ್ತಾರೆ ನೋಡೂಣು ಅಂತ ಸುಮ್ನಿದ್ನಿ ಸಾರ್..." ಕರಿಬಸಪ್ಪ ಮಾತು ನಿಲ್ಲಿಸಿದ. ತಾನು ಹೇಳಿದ್ದು ತನಗೇ ಕೇಳಿಸಿತು. ಭುಜ ಅಲುಗಿತು, ಆಮೇಲೆ ಹೊಟ್ಟೆ. "ಅಯ್ಯಯ್ಯೋ, ನಾನೂ ತಮಾಷೆ ಮಾಡಾಕ್ ಹೋಗಿದ್ನಲ್ಲೋ ತಮ್ಮಾ!"

ಮೂವತ್ತೆಂಟು.

(ಮುಂದೇನು ಅಂತೀರಾ? ನೂರು ಮುಟ್ಟಿ ಎಲ್ಲ ಫೈಲೂ ಸಿಕ್ಕವು ಎಂದು ಬರೆದೆ, ಮಹಾದೇವಿ "ಸುಳ್ಳ ಆಸೆ ಹಚ್ಚಬ್ಯಾಡ್ರಿ" ಎಂದು ಬೈದಳು. ಬುಧವಾರದ್ದೊಂದು ಹೋಯಿತು ಎಂದು ಬರೆದೆ, ರುದ್ರೇಶ ನನ್ನ ಕೈ ಹಿಡಿದುಕೊಂಡ. ಅವನ ಅಂಗೈ ಒದ್ದೆಯಾಗಿತ್ತು. ಎರಡನ್ನೂ ಅಳಿಸಿದ್ದೇನೆ. ಪರದೆ ಈಗ ಅರವತ್ತೆರಡಕ್ಕೆ ಬಂದು ನಿಂತಿದೆ. ಅರವತ್ತಮೂರನ್ನು ನಾನು ಬರೆಯುವುದಿಲ್ಲ.)

ಮೆಟ್ಟಿಲ ಮೇಲೆ ಮೂರು ಜೊತೆ ಬೂಟಿನ ಸದ್ದು. ರುದ್ರೇಶನಿಗೂ ಅಳುವಿನಂಥದೊಂದು ನಗು ಬಂತು. ಮಹಾದೇವಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕರಿಬಸಪ್ಪ ಮಾತ್ರ ಕಣ್ಣೊರೆಸಿಕೊಳ್ಳುತ್ತ, ಮೇಜು ಗುದ್ದುತ್ತ, ಫ್ಯಾನುಗಳ ಸದ್ದನ್ನೂ ಮೀರಿ ನಗುತ್ತಲೇ ಇದ್ದ.