ಅಂಚಿನಲ್ಲಿ ಉಳಿದ ಮರ

"ಅಕ್ಕಾ, ಉಳಿ ಕೆಳಗಿಡು. ಹೊರೋರು ಬಾಗಿಲಲ್ಲಿ ಕಾಯ್ತಾ ಅವರೆ," ಅಂದ ಕುಮಾಜೊನ ಹಲಗೆಗಳನ್ನು ಅಚ್ಚೊತ್ತುವ ತೊರಾಜೊ.

"ಮೂವತ್ತು ವರ್ಷ ನಾನು ಕಾದಿಲ್ವಾ? ಇವತ್ತೊಂದು ದಿನ ಅವರೂ ಕಾಯಲಿ," ಎಂದಳು ಒಸೆನ್.

ಗಂಡ ಕುಮಾಜೊನ ಶವಪೆಟ್ಟಿಗೆಗೆ ಆತು ಕೂತು, ಅವನು ಕೊನೆಯದಾಗಿ ಕೆತ್ತಿದ ಚೆರ್ರಿ ಹಲಗೆಯ ಅಂಚನ್ನು ಅವಳು ಕೊರೆಯುತ್ತಿದ್ದಳು. ಹಲಗೆಯ ತುಂಬ ದೋಣಿಕಟ್ಟೆಯ ಮೇಲೆ ಸುರಿಯುವ ಮಳೆ. ಒಂದೊಂದು ಗೆರೆಯೂ ಕೂದಲೆಳೆಯಷ್ಟು. ಅಂಚಿನಲ್ಲಿ ಮಾತ್ರ ಹೆಬ್ಬೆರಳಗಲದ ಮರ ಹಾಗೇ ಉಳಿದಿತ್ತು.

*

ಫೋಟೋಗಳು ಬಂದು ಮರದಚ್ಚಿನ ಚಿತ್ರಗಳನ್ನು ಕೇಳುವವರೇ ಇಲ್ಲವಾಗಿ, ಕುಮಾಜೊ ಹಲ್ಲುಪುಡಿ ಡಬ್ಬಿಯ ಚೀಟಿ ಕೆತ್ತಿಕೊಂಡಿದ್ದ ಕಾಲ. ಪ್ರಕಾಶಕ ಹಿಯಾಮ ಹುಡುಕಿಕೊಂಡು ಬಂದ. ಹಳೇ ಕಸುಬಿಗೆ ಮತ್ತೆ ಜೀವ ಕೊಡೋಣ ಅಂದ. ಕುಮಾಜೊ ಕೇಳಿದ್ದು ಒಂದೇ: "ಧಣಿ, ಚಿತ್ರ ಬರೆದೋರ ಹೆಸರಿರ್ತದೆ, ನಿಮ್ಮ ಮುದ್ರೆ ಇರ್ತದೆ. ಕೆತ್ತಿದೋನದು?"

"ಮೀನು ಹೆಚ್ಚಿದ ಚಾಕುವಿನ ಹೆಸರು ಯಾರಾದ್ರೂ ಕೇಳ್ತಾರೇನಯ್ಯ?" ಹಿಯಾಮ ನಕ್ಕಿದ್ದ.

ಅಂದಿನಿಂದ ಕುಮಾಜೊ ಪ್ರತಿ ಹಲಗೆಯ ಅಂಚಿನಲ್ಲೂ ತನ್ನ ಹೆಸರಿಗೆಂದು ಅಷ್ಟು ಮರ ಉಳಿಸುತ್ತಿದ್ದ. ಪ್ರತಿ ಸಲವೂ ಹಿಯಾಮ ಬಂದು ತೆಗೆಸುತ್ತಿದ್ದ. ಈ ಸಲ ಹಿಯಾಮನಿಗಿಂತ ಸಾವು ಮೊದಲು ಬಂದಿತ್ತು.

*

ತೊರಾಜೊ ಮಸಿ ಬಳಿದು, ಹಾಳೆ ಹಾಸಿ, ಅಂಗೈಯಗಲದ ಉಜ್ಜುಬಿಲ್ಲೆಯಿಂದ ಉಜ್ಜಿ ಎತ್ತಿದ. ಅವನ ಮುಖ ಸಪ್ಪಗಾಯಿತು.

"ಅಕ್ಕಾ... ಹೆಸರು ತಿರುಗುಮುರುಗಾಗಿದೆ."

ಬರೆದ ಹಾಳೆಯನ್ನು ಬೋರಲು ಅಂಟಿಸಿ ಕೆತ್ತಬೇಕಿತ್ತು. ಒಸೆನ್ ದುಃಖದಲ್ಲಿ ನೇರವಾಗಿ ಮರದ ಮೇಲೇ ಬರೆದುಬಿಟ್ಟಿದ್ದಳು. ಕೊರೆದ ಮರ ಮತ್ತೆ ಬೆಳೆಯುವುದಿಲ್ಲ.

ಸಾಂಬ್ರಾಣಿ ಹಚ್ಚಲು ಬಂದಿದ್ದ ಹಿಯಾಮ ಇಣುಕಿದ. "ನೋಡಿದ್ಯಾ? ಕೆತ್ತಿ ತೆಗೆದುಹಾಕು ಅದನ್ನ. ಶುಕ್ರವಾರ ಹಡಗಿಗೆ ನೂರು ಪ್ರತಿ ಹೋಗ್ಬೇಕು."

ಒಸೆನ್ ಹಲಗೆಯನ್ನು ಎದೆಗೊತ್ತಿಕೊಂಡಳು. "ಸತ್ತ ಮನೇಲಿ ಎಲ್ಲಾ ತಿರುಗುಮುರುಗೇ ಅಲ್ವಾ ಧಣಿ? ಪರದೆ ತಲೆಕೆಳಗೆ ನಿಲ್ಲಿಸಿದೀವಿ. ಕಿಮೋನೊ ಬಲದ ಸೆರಗು ಎಡದ ಮೇಲೆ ಬರೋ ಹಾಗೆ ಉಲ್ಟಾ ಮಡಿಚಿ ಉಡಿಸಿದೀವಿ. ಹೆಸರೂ ಹಾಗೇ ಹೋಗಲಿ."

"ಊರಿಗೆಲ್ಲ ನಗೆಪಾಟಲು ಮಾಡ್ತೀಯಾ?"

"ಅದಿಲ್ದೆ ನಾನು ಒಂದು ಹಾಳೇನೂ ಒತ್ತಲ್ಲ," ಅಂದ ತೊರಾಜೊ, ಉಜ್ಜುಬಿಲ್ಲೆಯನ್ನು ಮಡಿಲಿಗೆ ಹಾಕಿಕೊಳ್ಳುತ್ತ. "ಈ ಮಳೆ ಒತ್ತೋ ಇನ್ನೊಂದು ಕೈ ಟೋಕಿಯೋದಲ್ಲಿದ್ರೆ ಹುಡುಕ್ಕೊಳ್ಳಿ."

ಹಿಯಾಮ ಹಲಗೆಯನ್ನೊಮ್ಮೆ, ತೊರಾಜೊನ ಕೈಯನ್ನೊಮ್ಮೆ ನೋಡಿದ. "ಇರ್ಲಿ ಬಿಡು. ಹೇಗೂ ಯಾರಿಗೂ ಓದಕ್ಕೆ ಬರಲ್ಲ."

ಒಸೆನ್ ಆ ಮೊದಲ ಹಾಳೆಯನ್ನು ಹಸಿಹಸಿಯಾಗಿಯೇ ಒಯ್ದು, ಬಾಗಿಲಲ್ಲಿ ಸೂತಕದ ಚೀಟಿಯ ಪಕ್ಕ ಅಂಟಿಸಿದಳು. ಪೆಟ್ಟಿಗೆ ಹೊತ್ತವರು ಹೊಸ್ತಿಲಲ್ಲೇ ನಿಂತು ಕತ್ತು ಓರೆ ಮಾಡಿದರು.

"ಏನಂತ ಬರೆದಿದೆ?"

"ತಡೀರಿ," ಅಂದಳು ಹೆಂಗಸರಿಗೆ ತಲೆ ಬಾಚಿ ಕಟ್ಟುವ ಪಕ್ಕದ ಮನೆಯ ಮುದುಕಿ. ಸೊಂಟದ ಪಟ್ಟಿಯಿಂದ ಪುಟ್ಟ ಕನ್ನಡಿ ತೆಗೆದು ಹಾಳೆಗೆ ಹಿಡಿದಳು. ಹೆಗಲ ಮೇಲಿನ ಭಾರದೊಂದಿಗೇ ನಾಲ್ವರೂ ಬಾಗಿದರು. ಬೀದಿಯ ಹೆಂಗಸರು ಒಬ್ಬರನ್ನೊಬ್ಬರು ನೂಕಿಕೊಂಡು ಮುಂದೆ ಬಂದರು. ಅಂಗೈಯಗಲದ ಆ ಬೆಳಕಿನಲ್ಲಿ, ಮಳೆಯ ಕೆಳಗೆ, ಸೊಟ್ಟಸೊಟ್ಟಾಗಿ, ನೆಟ್ಟಗೆ ನಿಂತಿತ್ತು: ಕೆತ್ತಿದವನು ಕುಮಾಜೊ.