ಈಶಾನ್ಯದ ಬಾವಿ, ವಾಯವ್ಯದ ಗುಂಡಿ

ನಮ್ಮ ಯಜಮಾನರು ದ್ವಾರಕಾನಾಥರಿಗೆ ಸರ್ಕಾರಿ ಕಾರ್ಖಾನೆಯಲ್ಲಿ ಅಳತೆ ನೋಡುವ ಕೆಲಸ. ಯಂತ್ರದ ಭಾಗ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಅದಕ್ಕೆ ಕೆಂಪು ಬಣ್ಣ ಬಳಿದು ಮೂಲೆಗೆ ಎಸೆಯುವವರು. ಅದೇ ಮಹಾನುಭಾವರು ಸಿಂಗಸಂದ್ರದಲ್ಲಿ ಮನೆ ಕಟ್ಟಿಸುವಾಗ, ಗೋಪಾಲಕೃಷ್ಣ ಜೋಯಿಸರು ಕಡ್ಡಿಯಿಂದ ನೆಲದ ಮೇಲೆ ಗೀಚಿದ್ದನ್ನು ಯಾಕೆ ಏನು ಎಂದು ಕೇಳದೆ ಒಪ್ಪಿಕೊಂಡರು. ಬಾವಿ ಈಶಾನ್ಯಕ್ಕೆ ಬರಬೇಕೆಂದರು ಜೋಯಿಸರು, ಇವರು ಆ ಮೂಲೆಯಲ್ಲೇ ಸಿಮೆಂಟಿನ ರಿಂಗ್ ಇಳಿಸಿದರು. ಒಲೆ ಆಗ್ನೇಯಕ್ಕೆ ಎಂದರು, ಅಲ್ಲಿ ಕಿಟಕಿಗೆ ಜಾಗವಿಲ್ಲ. ನಾನು ಸೀಮೆಎಣ್ಣೆ ಹೊಗೆಯಲ್ಲಿ ಕೆಮ್ಮಿದರೂ ಒಲೆ ಕದಲಲಿಲ್ಲ.

"ಈ ಮನೆ ಹೊಸ್ತಿಲು ದಾಟೋಕೆ ಕಾಯಿಲೆಗೇ ಭಯ ಆಗ್ಬೇಕು, ಹಾಗೆ ಮಾಡ್ಕೊಡ್ತೀನಿ ನೋಡಿ," ಎಂದಿದ್ದರು ಜೋಯಿಸರು, ನಾನು ಮಾಡಿದ ಕಾಫಿಯನ್ನು ಸೊರಸೊರ ಹೀರುತ್ತಾ.

ನಮ್ಮ ಪೂರ್ವಕ್ಕೆ ಹನುಮಂತರಾಯಪ್ಪನ ಮನೆ. ಈ ಸಾಲಿನ ಸೈಟುಗಳೆಲ್ಲ ಒಂದು ಕಾಲಕ್ಕೆ ಆತನ ರಾಗಿ ಹೊಲ. ಹೊಲ ಮಾರಿದ ಮೇಲೂ ಆತನ ಮನಸ್ಸಿನಲ್ಲಿ ಅದು ಆತನದೇ. ನಮ್ಮ ಅಂಗಳದಲ್ಲಿ ನಡೆಯುವಾಗಲೂ ತನ್ನ ಬದುವಿನ ಮೇಲೆ ನಡೆದಂತೆ ಕಾಲು ಹಾಕುತ್ತಿದ್ದ. ನಮ್ಮನ್ನು ನೋಡಿಯೇ ಆತನೂ ಆರ್‌ಸಿಸಿ ಮನೆ ಕಟ್ಟಿಸಿದ, ಜೋಯಿಸರನ್ನೇ ಕರೆಸಿದ. ಪಾಯಿಖಾನೆಯ ಗುಂಡಿ ವಾಯವ್ಯಕ್ಕೆ ಇರಬೇಕು ಎಂದು ಜೋಯಿಸರು ಗೂಟ ಹೊಡೆಸಿದರು. ಆತನ ವಾಯವ್ಯ ಅಂದರೆ ನಮ್ಮ ಈಶಾನ್ಯದ ಪಕ್ಕದ ಜಾಗ. ನಡುವೆ ಇದ್ದದ್ದು ಒಂದು ಕಾಂಪೌಂಡ್ ಗೋಡೆ, ಅಷ್ಟೇ. ಆಗ ಇದು ಯಾರ ತಲೆಗೂ ಹೊಳೆಯಲಿಲ್ಲ.

ಆತ ಒಕ್ಕಲಾದ ವರ್ಷವೇ ನಮ್ಮ ಒಬ್ಬಳೇ ಮಗಳು ಸೀತೆಗೆ ಕಾಮಾಲೆ ಬಂತು. ಬೇಗೂರಿನಿಂದ ನಾಟಿ ಔಷಧಿ ತಂದು ಕುಡಿಸಿದೆವು, ಇಳಿಯಿತು. ಆಮೇಲೆ ವಾಂತಿಭೇದಿ, ಅದರ ಬೆನ್ನಿಗೆ ಜ್ವರ. ಮರುವರ್ಷ ಮತ್ತೆ ಕಾಮಾಲೆ. ಒಂಬತ್ತು ವರ್ಷದ ಹುಡುಗಿ, ಲಂಗ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಆಸ್ಪತ್ರೆಯ ಡಾಕ್ಟರು ಅವಳ ಕಣ್ಣಿನ ರೆಪ್ಪೆ ಎಳೆದು ನೋಡಿ, "ಮೊದಲು ಕುಡಿಯೋ ನೀರು ಬದಲಾಯಿಸಿ. ಇನ್ನೊಂದು ಸಲ ಬಂದ್ರೆ ಈ ಮಗು ಲಿವರ್ ತಡ್ಕೊಳ್ಳಲ್ಲ," ಎಂದರು.

ಕುದಿಸಿ ಆರಿಸಿದ ನೀರನ್ನೇ ಕೊಡುತ್ತಿದ್ದೆ. ಆದರೆ ಬಾಯಾರಿದ ಮಗು ಬಾವಿಕಟ್ಟೆಯ ಮೇಲಿನ ಬಿಂದಿಗೆಗೆ ಬಾಯಿಡದೆ ಇರುತ್ತದೆಯೇ? ಎಷ್ಟು ಹೊತ್ತು ಕಾಯಲಿ ನಾನು?

ಗೌರಿ ಹಬ್ಬಕ್ಕೆ ಹನುಮಂತರಾಯಪ್ಪನ ಮಗಳು ಅಳಿಯ ಪೇಟೆಯಿಂದ ಬಂದರು. ಅಳಿಯನಿಗೆ ನಾತ ಬಡಿಯಬಾರದೆಂದು ಹನುಮಂತರಾಯಪ್ಪನ ಹೆಂಡತಿ ವೆಂಕಟಮ್ಮ ಪಾಯಿಖಾನೆಗೆ ಬಾಟಲಿಗಟ್ಟಲೆ ಫಿನಾಯಿಲ್ ಸುರಿದಳು. ಹಬ್ಬ ಕಳೆದು ಎರಡು ದಿನಕ್ಕೆ ನಾನು ಬಾವಿಯಿಂದ ಕೊಡ ಸೇದಿದೆ, ನೀರಿನಲ್ಲಿ ಫಿನಾಯಿಲ್ ವಾಸನೆ. ಇನ್ನೊಂದು ಕೊಡ ಸೇದಿದೆ, ಅದರಲ್ಲೂ ಅದೇ. ನನ್ನ ಮಗಳು ಎರಡು ವರ್ಷದಿಂದ ಏನು ಕುಡಿಯುತ್ತಿದ್ದಳು ಎಂಬುದು ಅಲ್ಲಿಯೇ ಅರ್ಥವಾಗಿ, ಕಟ್ಟೆಯ ಪಕ್ಕದಲ್ಲೇ ವಾಂತಿ ಮಾಡಿಕೊಂಡೆ.

ಬಾಯಿ ತೊಳೆಯಲೂ ಆ ನೀರು ಬೇಡವಾಗಿ, ಸೆರಗಿನಲ್ಲಿ ಒರೆಸಿಕೊಂಡು ಸೀದಾ ಅವರ ಮನೆಗೆ ಹೋದೆ.

"ನಿಮ್ಮ ಗುಂಡಿ ನಮ್ಮ ಬಾವಿಗೆ ಇಳೀತಿದೆ ಕಣ್ರೀ. ಬೇರೆ ಕಡೆ ತೋಡಿಸ್ಕೊಳ್ಳಿ."

ಹನುಮಂತರಾಯಪ್ಪ ಜಗಲಿಯಿಂದ ಏಳಲೂ ಇಲ್ಲ. "ಅದು ನಮ್ ವಾಯವ್ಯ ಕಣಮ್ಮೋ. ಜೋಯಿಸ್ರೇ ಏಳವ್ರೆ. ನಿಮ್ ಮಗೀಗೆ ಉಸಾರಿಲ್ಲ ಅಂತ ನಮ್ ಮನೆ ಆಳ್ ಮಾಡ್ಕಳಾಕಾಯ್ತದಾ? ಬೇಕಾರೆ ನಿಮ್ ಬಾವೀನೇ ಅತ್ಲಾಗ್ ತಗಂಡೋಗಿ."

"ನಿಮ್ಮ ಬಾವಿ ಎಲ್ಲಿದೆ?"

"ಈಶಾನ್ಯದಾಗೆ. ಇನ್ನೆಲ್ಲಿರ್ತದೆ?"

"ಅದರ ಆಚೆ ದಾಸಪ್ಪನ ಮನೆ ವಾಯವ್ಯ. ಅವರ ಗುಂಡಿ ಅಲ್ಲೇ ಇದೆ. ಒಂದ್ಸಲ ನಿಮ್ಮ ನೀರನ್ನೂ ಮೂಸಿ ನೋಡಿ."

ಆತನ ಮುಖ ಕಪ್ಪಿಟ್ಟಿತು. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಈಗಲಾದರೂ ಬುದ್ಧಿ ಬಂತು ಎಂದುಕೊಂಡೆ. ಆತ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೋಗಿ ಮಾಡಿದ್ದೇನು? ದಾಸಪ್ಪನ ಕುತ್ತಿಗೆಪಟ್ಟಿ ಹಿಡಿದ. ದಾಸಪ್ಪ ಸೌದೆ ಎತ್ತಿಕೊಂಡ. ಬೀದಿಯೆಲ್ಲ ಸೇರಿತು. ಸಂಜೆಯ ಹೊತ್ತಿಗೆ ಇಬ್ಬರೂ ಮಾತು ಬಿಟ್ಟಿದ್ದರು, ಯಾರೂ ಗುಂಡಿ ಮುಚ್ಚಿರಲಿಲ್ಲ. ಸಾಲಿಗೆ ಸಾಲೇ ಪಕ್ಕದ ಮನೆಯ ಹೊಲಸು ಕುಡಿಯುತ್ತಿತ್ತು, ಅದೂ ಶಾಸ್ತ್ರೋಕ್ತವಾಗಿ!

ಫ್ಯಾಕ್ಟರಿ ಬಸ್ಸಿಳಿದು ಬಂದ ಇವರ ಮೂಗಿನ ಕೆಳಗೆ ಕೊಡ ಹಿಡಿದೆ.

"ಏನೂ ವಾಸನೆ ಇಲ್ವಲ್ಲೇ ಭಾನು. ನಿನ್ನ ಮೂಗಲ್ಲೇ ಇರಬೇಕು."

"ಹಾಗಾದ್ರೆ ಕುಡೀರಿ."

ಕುಡಿಯಲಿಲ್ಲ. ಜೋಯಿಸರನ್ನು ಕರೆಸುತ್ತೇನೆ ಎಂದರು.

ಜೋಯಿಸರು ಬಂದು ಎರಡೂ ಮನೆಯನ್ನು ಸುತ್ತಿದರು. ಎರಡಕ್ಕೂ ನೂರಕ್ಕೆ ನೂರು. ದೋಷ ಸಿಕ್ಕಿದ್ದು ಸೀತೆಯ ಹಾಸಿಗೆಯಲ್ಲಿ. ಅವಳು ಉತ್ತರಕ್ಕೆ ತಲೆಯಿಟ್ಟು ಮಲಗುತ್ತಿದ್ದಳಂತೆ. "ಇನ್ನೊಂದು ವಿಷಯ," ಎಂದು ನನ್ನತ್ತ ನೋಡದೆ ಇವರಿಗೆ ಹೇಳಿದರು, "ಮನೆ ಹೆಂಗಸು ಈಶಾನ್ಯದ ಜಲಾನ ಹೀಗಳೆದ್ರೆ ಫಲ ಹೇಗೆ ಸಿಗುತ್ತೆ? ಮನೆಯವರು ಆ ನೀರನ್ನೇ ಕುಡೀಬೇಕು. ಹೊರಗಿನ ನೀರು ಒಳಗೆ ತರಬೇಡಿ."

"ನೀವು ಒಂದು ಲೋಟ ಕುಡೀರಿ ಜೋಯಿಸರೇ," ಎಂದು ಮುಂದೆ ಹಿಡಿದೆ.

"ನಾನು ಪರರ ಮನೆ ನೀರು ಮುಟ್ಟಲ್ಲಮ್ಮ." ಕಾಫಿ ಮಾತ್ರ ಮುಟ್ಟುತ್ತಾರೆ. ಆ ಕಾಫಿ ಯಾವ ನೀರಿನದು ಎಂದು ಹೇಳಿ ಅವರ ಮುಖ ನೋಡುವ ಆಸೆಯಾಯಿತು. ಇವರು ಗದರಿಸಿ ನನ್ನನ್ನು ಒಳಗೆ ಕಳಿಸಿದರು.

ಹಾಸಿಗೆ ದಕ್ಷಿಣಕ್ಕೆ ತಿರುಗಿತು. ಮಾರನೆಯ ದಿನದಿಂದ ನಾನು ಊರ ಮುಂದಿನ ಬೋರಿನಿಂದ ನೀರು ಹೊತ್ತು ತಂದೆ. ಮೊದಲ ಭಾನುವಾರವೇ ಇವರ ಕೈಗೆ ಸಿಕ್ಕಿಬಿದ್ದೆ. ಇವರು ಎರಡೂ ಬಿಂದಿಗೆಯನ್ನು ನನ್ನ ಕಣ್ಣೆದುರೇ ಬಚ್ಚಲಿಗೆ ಸುರಿದು, ಬಾವಿಯಿಂದ ತಾವೇ ಸೇದಿ ತುಂಬಿಸಿಟ್ಟರು. ಮಲಗಿದ್ದ ಸೀತೆ, "ಅಪ್ಪ, ನೀರು," ಎಂದಳು. ಇವರು ಅದೇ ಬಿಂದಿಗೆಯಿಂದ ಲೋಟ ತುಂಬಿಸಿದರು. ನಾನು ಲೋಟಕ್ಕೆ ಹೊಡೆದೆ. ಅದು ಗೋಡೆಗೆ ಬಡಿದು ಬಿತ್ತು. ಈ ಮನುಷ್ಯನನ್ನು ದ್ವೇಷಿಸುತ್ತೇನೆ ಎಂದು ಅಂದು ನನಗೆ ಸ್ಪಷ್ಟವಾಗಿ ತಿಳಿಯಿತು.

ಬೊಮ್ಮಸಂದ್ರದಲ್ಲಿ ಆಗ ಹೊಸ ಕಾರ್ಖಾನೆಗಳಿಗೆ ಪಾಯ ತೆಗೆಯುತ್ತಿದ್ದರು. ಅಗೆದ ಮಣ್ಣನ್ನು ಎಲ್ಲಿ ಸುರಿಯುವುದೆಂದು ತಿಳಿಯದೆ ಟ್ರ್ಯಾಕ್ಟರುಗಳು ಹೊಸೂರು ರಸ್ತೆಯುದ್ದಕ್ಕೂ ಅಲೆಯುತ್ತಿದ್ದವು. ಸೋಮವಾರ ಇವರು ಕೆಲಸಕ್ಕೆ ಹೋದದ್ದೇ ರಸ್ತೆಗೆ ಹೋಗಿ ಒಂದನ್ನು ಅಡ್ಡಹಾಕಿದೆ.

ಡ್ರೈವರು ಬಾವಿಗೆ ಬಗ್ಗಿ ನೋಡಿದ. "ನೀರಿರೋ ಬಾವಿ ಮುಚ್ಚೋದಾ ಅಕ್ಕ? ಪಾಪ ಬರ್ತದೆ."

"ಬಂದ್ರೆ ನನಗೆ ಬರ್ಲಿ. ಸುರಿಯಪ್ಪ."

ಮೊದಲ ಲೋಡಿಗೆ ನೀರು ಗುಳುಗುಳು ಎಂದು ಮೇಲೆದ್ದಿತು. ವೆಂಕಟಮ್ಮ ಗೋಡೆಯ ಮೇಲಿಂದ ಇಣುಕಿ, "ಈಯಮ್ಮಂಗೆ ಉಚ್ಚ್ ಇಡ್ದದೆ!" ಎಂದು ಕಿರುಚಿದಳು. ಹನುಮಂತರಾಯಪ್ಪ ಓಡಿಬಂದು, "ನಮ್ ಗುಂಡಿ ಕಡೆ ಮಣ್ ಬಿದ್ದೀತು, ಉಸಾರು," ಎಂದ. ಆತನ ಚಿಂತೆ ಅದು. ಮಧ್ಯಾಹ್ನದ ಹೊತ್ತಿಗೆ ಬಾವಿ ನೆಲಕ್ಕೆ ಸಮವಾಯಿತು. ನಾನು ಅದರ ಮೇಲೆ ನಿಂತು ಕಾಲಲ್ಲಿ ತುಳಿದು ಗಟ್ಟಿ ಮಾಡಿದೆ.

ಸಂಜೆ ಬಂದ ಇವರು ಗೇಟಿನಲ್ಲೇ ನಿಂತುಬಿಟ್ಟರು. ಕೈಯ ಊಟದ ಡಬ್ಬಿ ಕೆಳಗೆ ಬಿತ್ತು.

"ಈಶಾನ್ಯ ಮುಚ್ಚಿದ್ರೆ ವಂಶ ಉಳಿಯಲ್ಲ ಕಣೇ. ಏನ್ ಮಾಡ್ಬಿಟ್ಟೆ ನೀನು?"

"ನಿಮ್ಮ ವಂಶ ಒಳಗೆ ಮಲಗಿದೆ. ಕಣ್ಣು ಇನ್ನೂ ಹಳದೀನೇ ಇದೆ. ಹೋಗಿ ನೋಡ್ಕೊಳ್ಳಿ."

ಅವರು ಒಳಗೆ ಹೋಗಲಿಲ್ಲ. ಉಳಿದಿದ್ದ ರಿಂಗಿನ ಅಂಚಿನ ಮೇಲೆ ಕುಸಿದು ಕೂತು, ಮುಖಕ್ಕೆ ಎರಡೂ ಕೈ ಹಿಡಿದು ಬಿಕ್ಕಿ ಬಿಕ್ಕಿ ಅತ್ತರು. ಮದುವೆಯಾದಾಗಿನಿಂದ ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಡಾಕ್ಟರು ಲಿವರಿನ ಮಾತೆತ್ತಿದ ದಿನ ಇವರು ಬಸ್ಸಿಗೆ ಹೊತ್ತಾಯಿತೆಂದು ಕೈಗಡಿಯಾರ ನೋಡಿಕೊಂಡಿದ್ದರು. ಅವರನ್ನು ಅಲ್ಲೇ ಅಳಲು ಬಿಟ್ಟು, ನಾನು ಬಿಂದಿಗೆ ಎತ್ತಿಕೊಂಡು ಬೋರಿಗೆ ಹೋದೆ.